ನೀರು ತುಂಬಿದ ಗ್ಯಾಸ್ ಬಾವಿ

ಹುಬ್ಬಳ್ಳಿ ಹೊರಗಿನ ಒಂದು ಹಳೆ ಕಸದ ಗುಡ್ಡದಲ್ಲಿ, ಕಸ ಕೊಳೆತು ಹುಟ್ಟುವ ಗ್ಯಾಸ್ ಎಳೆಯಲು, ಪ್ರಯೋಗಕ್ಕೆಂದು ಐದು ಗ್ಯಾಸ್ ಬಾವಿ ಕೊರೆದಿದ್ದೆವು. 9 ಮೀಟರ್ ಆಳ. ಪೈಪಿನ ಕೆಳಗಿನ 6 ಮೀಟರಿಗೆ ಮಾತ್ರ ತೂತು, ಸುತ್ತ ಖಡಿ. ಬೇಸಿಗೆಯಲ್ಲಿ ಚೆನ್ನಾಗಿಯೇ ಬರುತ್ತಿದ್ದ ಗ್ಯಾಸ್ ಮಳೆಗಾಲದಲ್ಲಿ ಅರ್ಧಕ್ಕಿಳಿಯಿತು. ಗಾಬರಿಯಲ್ಲಿ, ಬಾವಿಯಿಂದ ಗ್ಯಾಸ್ ಎಳೆಯುವ ಬ್ಲೋವರ್ ಜೋರು ಮಾಡಿದೆ. ಅದೇ ತಪ್ಪಾಯಿತು.

ಎರಡೇ ದಿನದಲ್ಲಿ ಮೂರನೇ ಬಾವಿಯ ಗ್ಯಾಸಿನಲ್ಲಿ ಉರಿಯುವ ಭಾಗ, ಅಂದರೆ ಮೀಥೇನ್, ಶೇಕಡಾ 54ರಿಂದ 39ಕ್ಕೆ ಬಂತು. ಆಮ್ಲಜನಕ 4ರ ಹತ್ತಿರ. ಅಂದರೆ ಗುಡ್ಡದ ಮೇಲಿನ ಗಾಳಿಯನ್ನೇ ಎಳೆದುಕೊಳ್ಳುತ್ತಿದ್ದೆ! ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ ಗಾಳಿ ಆಗಿಬರುವುದಿಲ್ಲ. ಅದೂ ಅಲ್ಲದೆ, ಗಾಳಿ ಹೊಕ್ಕರೆ ಕಸ ಒಳಗೊಳಗೇ ಕಾದು ಬೆಂಕಿ ಹತ್ತಬಹುದು.

ಬ್ಲೋವರ್ ನಿಲ್ಲಿಸಿ, ಮುಚ್ಚಳ ತೆಗೆದು, ದಾರಕ್ಕೆ ಹಿತ್ತಾಳೆ ನಟ್ ಕಟ್ಟಿ ತಳದವರೆಗೆ ಬಿಟ್ಟೆವು. ಮೇಲೆಳೆದಾಗ ಕೆಳಗಿನ 5 ಮೀಟರ್ ದಾರ ಕಪ್ಪಗೆ ನೆನೆದಿತ್ತು.

"ಇದು ಗ್ಯಾಸಿನ ಬಾವಿ ಅಲ್ರೀ ಸರ, ನೀರಿನ ಬಾವಿ ಆಗೇತಿ," ಅಂದ ಜೊತೆಗಿದ್ದ ಹುಡುಗ.

ಆರು ಮೀಟರ್ ತೂತಿನಲ್ಲಿ ಐದು ಮೀಟರ್ ನೀರಿನಡಿ. ಉಳಿದ ಒಂದೇ ಮೀಟರಿನಿಂದ ಅಷ್ಟು ಜೋರಾಗಿ ಎಳೆದರೆ ಗಾಳಿ ಬರದೆ ಇನ್ನೇನು ಬರುತ್ತದೆ?

ನೀರು ತೆಗೆಯಲು ಕರೆಂಟ್ ಮೋಟಾರ್ ಇಳಿಸಲಿಲ್ಲ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಕಂಪ್ರೆಸರ್ ಗಾಳಿಯಿಂದ ನಡೆಯುವ ಪಂಪ್ ತರಿಸಿದೆವು. ಕೊಳಚೆ ನೀರು ಟ್ಯಾಂಕಿಗೆ ಹೋಯಿತು. ಆ ವಾಸನೆ ಮಾತ್ರ ಅಂಗಿ ಎರಡು ಸಲ ಒಗೆದರೂ ಹೋಗಲಿಲ್ಲ.

ನೀರು ಬಂದದ್ದು ಎಲ್ಲಿಂದ? ಗುಡ್ಡದ ಮೇಲೆ ಹೊದಿಸಿದ್ದು ನಮ್ಮ ಕಡೆಯ ಎರೆ ಮಣ್ಣು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಮೊದಲ ಮಳೆಯೆಲ್ಲ ಅದರಲ್ಲೇ ಇಳಿದಿತ್ತು. ಬಿರುಕು ತುಂಬಿ, ನೀರು ಹರಿದುಹೋಗುವಂತೆ ಇಳಿಜಾರು ಮಾಡಿ, ಎರೆ ಒಣಗದ ಹಾಗೆ ಮೇಲೆ ಗರಸು ಹಾಸಿದೆವು. ಪೂರ್ತಿ ಪ್ಲಾಸ್ಟಿಕ್ ಹೊದಿಸಿ ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ತೀರಾ ಒಣಗಿದ ಕಸವೂ ಗ್ಯಾಸ್ ಕೊಡುವುದಿಲ್ಲ, ಅಲ್ವಾ?

ಈಗ ವಾಲ್ವನ್ನು ಒಂದು ಸಲಕ್ಕೆ ಕೂದಲೆಳೆಯಷ್ಟೇ ತಿರುಗಿಸುತ್ತೇನೆ. ಮರುದಿನ ಮೀಟರ್ ನೋಡುತ್ತೇನೆ. ಆಮ್ಲಜನಕ ಏರಿದರೆ ಹಿಂದಕ್ಕೆ. ಮೂರನೇ ಬಾವಿಯ ಮೀಥೇನ್ ಮತ್ತೆ ಶೇಕಡಾ 50 ದಾಟಿದೆ.

ಐದನೆಯದು ಮಾತ್ರ ಏನು ಮಾಡಿದರೂ ಏಳಲಿಲ್ಲ. ಕೊರೆಯುವಾಗಲೇ ಅಲ್ಲಿ ಬರೀ ಇಟ್ಟಿಗೆ ಚೂರು, ಗಾರೆ, ಚೀಲ ಬಂದಿದ್ದವು. ಕೊಳೆಯುವುದೇ ಇಲ್ಲದ ಮೇಲೆ ಗ್ಯಾಸ್ ಎಲ್ಲಿಂದ ಬರಬೇಕು? ಸುಮ್ನೆ ವಾಲ್ವ್ ಮುಚ್ಚಿಬಿಟ್ಟೆವು.