ಕೈ ಮಾಡಿದ ಆಟಗಾರನಿಗೆ ಶಿಕ್ಷೆ: ಎನ್‌ಬಿಎಯಲ್ಲಿ ಲೆಕ್ಕ ಹಾಕುವುದು ಹೇಗೆ?

ಅಂಕಣದಲ್ಲಿ ಹೊಡೆದಾಟ ಶುರುವಾದರೆ ನೋಡುವವರ ಕಣ್ಣೆಲ್ಲ ಮೊದಲು ಹೊಡೆದವನ ಮೇಲೆ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಶಿಕ್ಷೆಯ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವು ಹೆಚ್ಚು ತಲೆಕೆಡಿಸಿಕೊಂಡಿರುವುದು ಎರಡನೆಯವನ ಬಗ್ಗೆ, ಮೂರನೆಯವನ ಬಗ್ಗೆ. ಮೊದಲ ಏಟು ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದುಹೋಗುತ್ತದೆ, ಯಾವ ನಿಯಮವೂ ಅದನ್ನು ತಡೆಯಲಾರದು. ತಡೆಯಲು ಸಾಧ್ಯವಿರುವುದು ಓಡಿ ಬರುವವನನ್ನು, ಬೆಂಚಿನಿಂದ ಏಳುವವನನ್ನು, ಸಮಾಧಾನವಾದ ಮೇಲೆ ಮತ್ತೆ ತಿರುಗಿ ಬರುವವನನ್ನು.

ಈ ಎಚ್ಚರ ಬಂದದ್ದು 1977ರ ಡಿಸೆಂಬರ್ 9ರ ರಾತ್ರಿಯ ಬಳಿಕ. ಲಾಸ್ ಏಂಜಲೀಸ್ ಲೇಕರ್ಸ್ ಮತ್ತು ಹ್ಯೂಸ್ಟನ್ ರಾಕೆಟ್ಸ್ ಪಂದ್ಯದಲ್ಲಿ ಇಬ್ಬರು ಕೈ ಕೈ ಮಿಲಾಯಿಸಿದ್ದರು. ರಾಕೆಟ್ಸ್‌ನ ರೂಡಿ ಟಾಮ್ಯಾನೊವಿಚ್ ಜಗಳ ಬಿಡಿಸಲು ಅಂಕಣದ ಇನ್ನೊಂದು ತುದಿಯಿಂದ ಓಡಿ ಬಂದರು. ಹಿಂದಿನಿಂದ ಯಾರೋ ಬರುತ್ತಿದ್ದಾರೆ ಎಂದುಕೊಂಡು ಆ ಇಬ್ಬರಲ್ಲಿ ಒಬ್ಬರಾದ ಲೇಕರ್ಸ್‌ನ ಕರ್ಮಿಟ್ ವಾಷಿಂಗ್ಟನ್ ತಿರುಗಿದವರೇ ಮುಷ್ಟಿ ಬೀಸಿದರು. ಬೀಸಿದ ಮುಷ್ಟಿಗೆ ಓಡಿ ಬಂದ ವೇಗವೂ ಸೇರಿತು. ಟಾಮ್ಯಾನೊವಿಚ್ ಮುಖದ ಮೂಳೆಗಳು ಮುರಿದವು, ತಲೆಬುರುಡೆ ಬಿರುಕುಬಿಟ್ಟು ಮಿದುಳಿನ ಸುತ್ತಲಿನ ದ್ರವ ಸೋರತೊಡಗಿತು. ಮೇಲಿದ್ದ ಸ್ಕೋರ್‌ಬೋರ್ಡ್ ತಮ್ಮ ಮೇಲೆ ಬಿತ್ತೇನೋ ಎಂದು ಅವರಿಗೆ ಅನಿಸಿತ್ತು. ವಾಷಿಂಗ್ಟನ್‌ಗೆ 60 ದಿನಗಳ ಅಮಾನತು, ಅಂದರೆ 26 ಪಂದ್ಯ, ಜೊತೆಗೆ 10,000 ಡಾಲರ್ ದಂಡ. ಆಗ ಅಂಕಣದಲ್ಲಿ ಇರುತ್ತಿದ್ದದ್ದು ಇಬ್ಬರೇ ರೆಫರಿಗಳು. ಚೆಂಡಿನ ಹಿಂದೆ ಒಬ್ಬರು ಹೋದರೆ ಬೆನ್ನ ಹಿಂದಿನದನ್ನು ನೋಡಲು ಕಣ್ಣು ಸಾಲದು. 1978-79ರಲ್ಲಿ ಮೂರನೇ ರೆಫರಿಯನ್ನು ಒಂದು ವರ್ಷ ಪ್ರಯೋಗಕ್ಕೆಂದು ಇಳಿಸಿದರು. 1988-89ರಿಂದ ಅದೇ ಕಾಯಂ ಆಯಿತು.

ಈಗ ಶಿಕ್ಷೆ ಹಂತ ಹಂತವಾಗಿ ಹೇಗೆ ಸಾಗುತ್ತದೆ ನೋಡೋಣ.

ಹಂತ 1: ಅಂಕಣದಲ್ಲಿ ಅಳೆಯುವುದು

ಆಟದ ಭರದಲ್ಲಿ ಆಗುವ ಒರಟು ತಾಗುವಿಕೆಗೆ ಎನ್‌ಬಿಎಯಲ್ಲಿ ಫ್ಲೇಗ್ರಂಟ್ ಫೌಲ್ ಎನ್ನುತ್ತಾರೆ. ಇದರಲ್ಲಿ ಎರಡು ದರ್ಜೆ. ತಾಗಿದ್ದು ಅನಗತ್ಯವಾಗಿದ್ದರೆ ಫ್ಲೇಗ್ರಂಟ್-1. ಅನಗತ್ಯವೂ ಹೌದು, ಮಿತಿಮೀರಿದ್ದೂ ಹೌದು ಎಂದಾದರೆ ಫ್ಲೇಗ್ರಂಟ್-2. ಎರಡರಲ್ಲೂ ಎದುರಾಳಿಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಎಸೆತ, ಮೇಲೆ ಚೆಂಡೂ ಅವರದೇ. ಎರಡನೇ ದರ್ಜೆಯದಾದರೆ ತಪ್ಪು ಮಾಡಿದವನು ಆ ಕ್ಷಣವೇ ಪಂದ್ಯದಿಂದ ಹೊರಗೆ. ಒಂದೇ ಪಂದ್ಯದಲ್ಲಿ ಮೊದಲ ದರ್ಜೆಯ ಎರಡು ಫೌಲ್ ಆದರೂ ಹೊರಗೆ.

ಯಾವ ದರ್ಜೆ ಎಂದು ತೀರ್ಮಾನಿಸಲು ರೆಫರಿಗಳು ಅಂಚಿನ ಮಾನಿಟರ್ ಬಳಿ ಹೋಗುತ್ತಾರೆ. ನ್ಯೂಜೆರ್ಸಿಯ ಸೆಕಾಕಸ್‌ನಲ್ಲಿರುವ ರೀಪ್ಲೇ ಕೇಂದ್ರ ಅವರಿಗೆ ಬೇರೆ ಬೇರೆ ಕೋನಗಳ ದೃಶ್ಯ ಕಳಿಸುತ್ತದೆ. ಅವರು ಹುಡುಕುವುದು ಇಷ್ಟನ್ನು: ತಾಗಿದ್ದು ಎಷ್ಟು ಜೋರು, ಆಟಗಾರ ನಿಜವಾಗಿ ಚೆಂಡಿಗಾಗಿ ಕೈ ಹಾಕಿದ್ದನೇ, ಕೈಯನ್ನು ಹಿಂದಕ್ಕೆಳೆದು ಬೀಸಿದನೇ, ತಾಗಿದ ಮೇಲೂ ಕೈ ಮುಂದುವರಿಯಿತೇ, ಗಾಯವಾಗುವ ಸಂಭವ ಎಷ್ಟಿತ್ತು, ಆದ ಗಾಯ ಎಷ್ಟು, ತಾಗಿಸಿಕೊಂಡವನಿಗೆ ಕೊನೆಗೆ ಏನಾಯಿತು. ಗಾಯ ಈ ಪಟ್ಟಿಯಲ್ಲಿ ಒಂದು ಅಂಶ ಮಾತ್ರ ಎಂಬುದನ್ನು ಗಮನಿಸಿ. ಬಿದ್ದವನು ಬಟ್ಟೆ ಕೊಡವಿಕೊಂಡು ಎದ್ದು ನಿಂತ ಮಾತ್ರಕ್ಕೆ ಬೀಸಿದ ಮೊಣಕೈ ಹಗುರವಾಗುವುದಿಲ್ಲ.

ಮುಷ್ಟಿಯ ವಿಷಯದಲ್ಲಿ ಈ ತೂಗಾಟವೇ ಇಲ್ಲ. ಗುದ್ದು ಬೀಸಿದರೆ ಆಟಗಾರ ಹೊರಗೆ, ಅದು ತಗುಲಿರಲಿ, ತಪ್ಪಿರಲಿ. ಗುರಿ ತಪ್ಪಿದ್ದು ಹೊಡೆದವನ ಒಳ್ಳೆಯತನದಿಂದಲ್ಲವಲ್ಲ. ಪಂದ್ಯದ ನಡುವೆ ಬೇಕೆಂದೇ ಪ್ರೇಕ್ಷಕರ ಗ್ಯಾಲರಿಗೆ ಹತ್ತಿದರೂ ಅಷ್ಟೇ, ಮರುಮಾತಿಲ್ಲದೆ ಹೊರಗೆ. 1995ರಲ್ಲಿ ಪೋರ್ಟ್‌ಲೆಂಡ್‌ನಲ್ಲಿ ಗ್ಯಾಲರಿಗೆ ಹತ್ತಿ ಪ್ರೇಕ್ಷಕನಿಗೆ ಗುದ್ದಿದ ವರ್ನನ್ ಮ್ಯಾಕ್ಸ್‌ವೆಲ್‌ಗೆ 10 ಪಂದ್ಯಗಳ ಅಮಾನತು ಮತ್ತು 20,000 ಡಾಲರ್ ದಂಡ ಬಿದ್ದಿತ್ತು.

ಹಂತ 2: ಬೆಂಚಿನ ಲೆಕ್ಕ

ಅತಿ ಹೆಚ್ಚು ಜನರಿಗೆ ಅರ್ಥವಾಗದ ನಿಯಮ ಇದು, ಅತಿ ಹೆಚ್ಚು ಬೈಸಿಕೊಂಡದ್ದೂ ಇದೇ. ಜಗಳ ನಡೆಯುವಾಗ ಆಡುತ್ತಿಲ್ಲದ ಆಟಗಾರರು ಬೆಂಚಿನ ಆಸುಪಾಸಿನಲ್ಲೇ ಇರಬೇಕು. ದಾಟಿ ಬಂದರೆ ಕನಿಷ್ಠ ಒಂದು ಪಂದ್ಯದ ಅಮಾನತು, ಸಂಬಳವೂ ಖೋತಾ. ಜಗಳ ಬಿಡಿಸಲು ಬಂದೆ, ಯಾರನ್ನೂ ಮುಟ್ಟಲಿಲ್ಲ ಎಂಬ ವಾದ ನಡೆಯುವುದಿಲ್ಲ. ನೋಡುವುದು ಕೈಯನ್ನಲ್ಲ, ಕಾಲನ್ನು.

2007ರ ಮೇ 14ರಂದು ಫೀನಿಕ್ಸ್ ಸನ್ಸ್ ಮತ್ತು ಸ್ಯಾನ್ ಆಂಟೋನಿಯೊ ಸ್ಪರ್ಸ್ ನಡುವಿನ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್ ಹಂತ) ಸರಣಿಯ ನಾಲ್ಕನೇ ಪಂದ್ಯ ಮುಗಿಯಲು ಕೆಲವೇ ಸೆಕೆಂಡುಗಳಿದ್ದವು. ಸ್ಪರ್ಸ್‌ನ ರಾಬರ್ಟ್ ಹೋರಿ ಸೊಂಟ ಕೊಟ್ಟು ಸನ್ಸ್‌ನ ಸ್ಟೀವ್ ನ್ಯಾಶ್‌ರನ್ನು ಸ್ಕೋರರ್ ಮೇಜಿನತ್ತ ಕೆಡವಿದರು. ಸನ್ಸ್ ಬೆಂಚಿನಲ್ಲಿದ್ದ ಅಮಾರೆ ಸ್ಟೌಡಮೈರ್ ಮತ್ತು ಬೋರಿಸ್ ಡಿಯಾ ಎದ್ದು ಕೆಲವು ಹೆಜ್ಜೆ ಮುಂದೆ ಬಂದರು. ಸಹಾಯಕ ಕೋಚ್‌ಗಳು ಅವರನ್ನು ಹಿಂದಕ್ಕೆ ಕರೆತಂದರು. ಅವರು ಯಾರ ಮೈಯನ್ನೂ ಮುಟ್ಟಿರಲಿಲ್ಲ. ಹೋರಿಗೆ ಎರಡು ಪಂದ್ಯ, ಇವರಿಬ್ಬರಿಗೂ ಒಂದೊಂದು ಪಂದ್ಯ ಅಮಾನತು. ಸನ್ಸ್ ಐದನೇ ಪಂದ್ಯವನ್ನು 88-85ರಿಂದ ಸೋತಿತು, ಆರನೆಯದನ್ನೂ ಸೋತು ಸರಣಿಯಿಂದ ಹೊರಬಿತ್ತು. ಬೀಳಿಸಿದ ತಂಡಕ್ಕಿಂತ ಬಿದ್ದವನ ತಂಡವೇ ಹೆಚ್ಚು ಕಳೆದುಕೊಂಡಿತು ಎಂಬ ನೋವು ಫೀನಿಕ್ಸ್ ಅಭಿಮಾನಿಗಳಲ್ಲಿ ಇನ್ನೂ ಆರಿಲ್ಲ, ಆ ನೋವು ನ್ಯಾಯವಾದದ್ದೇ. ಆದರೂ ಈ ನಿಯಮ ಉಳಿಯಬೇಕು. ‘ಒಳ್ಳೆಯ ಉದ್ದೇಶದಿಂದ ಎದ್ದವರಿಗೆ ವಿನಾಯಿತಿ’ ಎಂದು ಒಂದು ಸಾಲು ಸೇರಿಸಿದರೆ, ಮುಂದಿನ ಜಗಳದಲ್ಲಿ ಇಡೀ ಬೆಂಚೇ ಒಳ್ಳೆಯ ಉದ್ದೇಶದಿಂದ ಏಳುತ್ತದೆ. ಟಾಮ್ಯಾನೊವಿಚ್ ಕೂಡ ಓಡಿ ಬಂದದ್ದು ಬಿಡಿಸಲಿಕ್ಕೇ.

ಒಟ್ಟಿಗೆ ತುಂಬಾ ಮಂದಿ ಸಿಕ್ಕಿಬಿದ್ದರೆ ಇನ್ನೊಂದು ತೊಡಕು: ಮುಂದಿನ ಪಂದ್ಯಕ್ಕೆ ತಂಡವೇ ಉಳಿಯುವುದಿಲ್ಲ. ಆಗ ಅಮಾನತನ್ನು ಪಾಳಿಯಲ್ಲಿ ಹಂಚುತ್ತಾರೆ. 1997ರಲ್ಲಿ ಮಯಾಮಿ ಹೀಟ್ ವಿರುದ್ಧದ ಸರಣಿಯಲ್ಲಿ ನ್ಯೂಯಾರ್ಕ್ ನಿಕ್ಸ್‌ನ ಐವರಿಗೆ ಹೀಗೇ ಮಾಡಿದ್ದರು, ಕೆಲವರು ಆರನೇ ಪಂದ್ಯಕ್ಕೆ, ಉಳಿದವರು ಏಳನೆಯದಕ್ಕೆ ಹೊರಗುಳಿದರು. 2022ರ ಡಿಸೆಂಬರ್ 28ರಂದು ಡೆಟ್ರಾಯಿಟ್‌ನಲ್ಲಿ ನಡೆದ ಜಗಳದಲ್ಲಿ ಬೆಂಚು ಬಿಟ್ಟೆದ್ದದ್ದಕ್ಕೆ ಆರ್ಲ್ಯಾಂಡೊ ಮ್ಯಾಜಿಕ್‌ನ ಎಂಟು ಮಂದಿಗೆ ಶಿಕ್ಷೆಯಾದಾಗಲೂ ಇದೇ ದಾರಿ ಹಿಡಿದರು.

ಹಂತ 3: ಲೀಗ್ ಕಚೇರಿಯ ಮರುನೋಟ

ರೆಫರಿಯ ತೀರ್ಮಾನ ಕೊನೆಯದಲ್ಲ. ಅವರ ವರದಿ ಮತ್ತು ಎಲ್ಲ ಕೋನದ ವಿಡಿಯೊ ಲೀಗ್‌ನ ಬ್ಯಾಸ್ಕೆಟ್‌ಬಾಲ್ ವ್ಯವಹಾರಗಳ ವಿಭಾಗಕ್ಕೆ ಹೋಗುತ್ತವೆ. ಅಲ್ಲಿ ಫೌಲ್‌ನ ದರ್ಜೆ ಏರಿಸಬಹುದು, ಇಳಿಸಬಹುದು, ರದ್ದೂ ಮಾಡಬಹುದು. ಈ ಮರುನೋಟ ಯಾಕೆ ಮುಖ್ಯವೆಂದರೆ, ಫ್ಲೇಗ್ರಂಟ್ ಫೌಲ್‌ಗಳಿಗೆ ಅಂಕದ ಖಾತೆ ಇದೆ. ಮೊದಲ ದರ್ಜೆಗೆ ಒಂದು, ಎರಡನೆಯದಕ್ಕೆ ಎರಡು. ಸಾಮಾನ್ಯ ಋತುವಿನಲ್ಲಿ ಐದು ದಾಟಿದರೆ, ಪ್ಲೇಆಫ್‌ನಲ್ಲಿ ಮೂರು ದಾಟಿದರೆ ಅಮಾನತು ತಾನಾಗಿಯೇ ಬೀಳುತ್ತದೆ. 2016ರ ಫೈನಲ್ಸ್‌ನ ನಾಲ್ಕನೇ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಅವರು ಲೆಬ್ರಾನ್ ಜೇಮ್ಸ್ ಮೇಲೆ ಕೈ ಬೀಸಿದ್ದನ್ನು ಅಂಕಣದಲ್ಲಿ ಫ್ಲೇಗ್ರಂಟ್ ಎಂದಿರಲಿಲ್ಲ. ಲೀಗ್ ಮರುನೋಟದಲ್ಲಿ ಅದನ್ನು ಫ್ಲೇಗ್ರಂಟ್-1 ಮಾಡಿತು. ಖಾತೆ ನಾಲ್ಕಕ್ಕೇರಿತು, ಐದನೇ ಪಂದ್ಯಕ್ಕೆ ಗ್ರೀನ್ ಇಲ್ಲ. 3-1ರಿಂದ ಮುಂದಿದ್ದ ವಾರಿಯರ್ಸ್ ಸರಣಿಯನ್ನು 4-3ರಿಂದ ಕಳೆದುಕೊಂಡಿತು.

ನೇರ ಹೊಡೆದಾಟಗಳಿಗೆ ಇಂಥ ಅಂಕಪಟ್ಟಿ ಇಲ್ಲ. ಎಷ್ಟು ಪಂದ್ಯ ಎಂಬುದು ಕಚೇರಿಯ ವಿವೇಚನೆ. ಹಳೆಯ ತೀರ್ಪುಗಳನ್ನು ಸಾಲಾಗಿ ಇಟ್ಟುಕೊಂಡರೆ ಅದನ್ನು ಏರಿಸುವುದು ಯಾವುದು ಎಂದು ಗೊತ್ತಾಗುತ್ತದೆ. ಒಂದು, ಮತ್ತೆ ತಿರುಗಿ ಬರುವುದು. 2006ರ ಡಿಸೆಂಬರ್ 16ರಂದು ನ್ಯೂಯಾರ್ಕ್‌ನಲ್ಲಿ ನಿಕ್ಸ್ ಮತ್ತು ಡೆನ್ವರ್ ನಗೆಟ್ಸ್ ಜಗಳ ತಣ್ಣಗಾಗುತ್ತಿದ್ದಾಗ ಕಾರ್ಮೆಲೊ ಆಂಟನಿ ಗುದ್ದಿದರು. ಜಗಳ ಹೊತ್ತಿಸಿದ ಫೌಲ್ ಮಾಡಿದ್ದ ಮಾರ್ಡಿ ಕಾಲಿನ್ಸ್‌ಗೆ 6 ಪಂದ್ಯ, ಆಂಟನಿಗೆ 15. ಇನ್ನೊಂದು, ಹಿಂದಿನ ನಡತೆ. 2023ರ ನವೆಂಬರ್‌ನಲ್ಲಿ ರೂಡಿ ಗೋಬೇರ್ ಕುತ್ತಿಗೆಯನ್ನು ತೋಳಿನಿಂದ ಬಿಗಿಹಿಡಿದ ಗ್ರೀನ್‌ಗೆ 5 ಪಂದ್ಯ. ತಿಂಗಳೊಳಗೆ ಯೂಸುಫ್ ನುರ್ಕಿಚ್ ಮುಖಕ್ಕೆ ಹೊಡೆದಾಗ ಅನಿರ್ದಿಷ್ಟ ಅಮಾನತು, ಷರತ್ತು ಪೂರೈಸಿದ ಮೇಲಷ್ಟೇ ವಾಪಸ್. ಅದು 12 ಪಂದ್ಯಕ್ಕೆ ಮುಗಿಯಿತು. ಪ್ರೇಕ್ಷಕರವರೆಗೆ ಹೋದರೆ ಮಾತ್ರ ಲೆಕ್ಕವೇ ಬೇರೆ.

2004ರ ನವೆಂಬರ್ 19ರಂದು ಮಿಶಿಗನ್‌ನ ಆಬರ್ನ್ ಹಿಲ್ಸ್‌ನಲ್ಲಿ ಇಂಡಿಯಾನಾ ಪೇಸರ್ಸ್ 97-82ರಿಂದ ಮುಂದಿತ್ತು, ಉಳಿದದ್ದು 45.9 ಸೆಕೆಂಡು. ರಾನ್ ಆರ್ಟೆಸ್ಟ್ ಫೌಲ್ ಮಾಡಿದರು, ಡೆಟ್ರಾಯಿಟ್ ಪಿಸ್ಟನ್ಸ್‌ನ ಬೆನ್ ವಾಲೇಸ್ ಅವರನ್ನು ತಳ್ಳಿದರು. ಆರ್ಟೆಸ್ಟ್ ಹೋಗಿ ಸ್ಕೋರರ್ ಮೇಜಿನ ಮೇಲೆ ಅಂಗಾತ ಮಲಗಿದರು. ಅಷ್ಟಕ್ಕೇ ಮುಗಿಯಬಹುದಾಗಿತ್ತು. ಗ್ಯಾಲರಿಯಿಂದ ಪಾನೀಯ ತುಂಬಿದ ಲೋಟ ಹಾರಿ ಬಂದು ಅವರ ಮೇಲೆ ಬಿತ್ತು, ಅವರು ಮೇಲಕ್ಕೆ ನುಗ್ಗಿದರು. ಎರಡೇ ದಿನಗಳಲ್ಲಿ ಲೀಗ್‌ನ ಮುಖ್ಯಸ್ಥ, ಕಮಿಷನರ್ ಡೇವಿಡ್ ಸ್ಟರ್ನ್ ಒಂಬತ್ತು ಆಟಗಾರರಿಗೆ ಶಿಕ್ಷೆ ಪ್ರಕಟಿಸಿದರು. ತಳ್ಳಿದ ವಾಲೇಸ್‌ಗೆ 6 ಪಂದ್ಯ. ಹಿಂದೆಯೇ ಗ್ಯಾಲರಿಗೆ ಹತ್ತಿದ ಸ್ಟೀಫನ್ ಜ್ಯಾಕ್ಸನ್‌ಗೆ 30. ಆರ್ಟೆಸ್ಟ್‌ಗೆ ಉಳಿದ ಇಡೀ ಋತು, ಪ್ಲೇಆಫ್ ಸೇರಿ 86 ಪಂದ್ಯ. ಪ್ರೇಕ್ಷಕರ ಕಡೆಯ ತಪ್ಪನ್ನೂ ಲೀಗ್ ಬಿಡಲಿಲ್ಲ: ನಾಲ್ಕನೇ ಕ್ವಾರ್ಟರ್ ಶುರುವಾದ ಮೇಲೆ ಕ್ರೀಡಾಂಗಣದಲ್ಲಿ ಮದ್ಯ ಮಾರುವಂತಿಲ್ಲ ಎಂಬ ಕಟ್ಟಳೆ 2005ರಲ್ಲಿ ಬಂತು.

ಹಂತ 4: ಸಂಬಳದ ಕಡಿತ

ಇಲ್ಲಿ ಸುದ್ದಿ ಓದುವವರು ತಪ್ಪುವುದೇ ಹೆಚ್ಚು. ಋತುವಿನಲ್ಲಿ 82 ಪಂದ್ಯಗಳಿವೆ, ಆದ್ದರಿಂದ ವರ್ಷದ ಸಂಬಳವನ್ನು 82ರಿಂದ ಭಾಗಿಸಿದರಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಅಮಾನತು 20 ಪಂದ್ಯಕ್ಕಿಂತ ಕಡಿಮೆಯಿದ್ದರೆ ಪಂದ್ಯಕ್ಕೆ ಸಂಬಳದ 145ರಲ್ಲಿ ಒಂದು ಭಾಗ ಕತ್ತರಿಸುತ್ತಾರೆ, 20 ಅಥವಾ ಅದಕ್ಕಿಂತ ಹೆಚ್ಚಾದರೆ 110ರಲ್ಲಿ ಒಂದು ಭಾಗ. ಗೋಬೇರ್ ಕುತ್ತಿಗೆ ಹಿಡಿದ 2023-24ರಲ್ಲಿ ಗ್ರೀನ್‌ರ ಸಂಬಳ 2,23,21,429 ಡಾಲರ್. 145ರಿಂದ ಭಾಗಿಸಿದರೆ ಸುಮಾರು 1,53,941. ಐದು ಪಂದ್ಯಕ್ಕೆ 7,69,704 ಡಾಲರ್. 82ರಿಂದ ಭಾಗಿಸಿದ್ದರೆ ಪಂದ್ಯಕ್ಕೆ 2,72,000 ದಾಟುತ್ತಿತ್ತು. ಅಂದರೆ ಚಿಕ್ಕ ಅಮಾನತಿನಲ್ಲಿ ಆಟಗಾರ ಕಳೆದುಕೊಳ್ಳುವುದು ಆಡದ ಪಂದ್ಯದ ಗಳಿಕೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಇಷ್ಟು ಸಂಬಳದವರಿಗೆ ದಂಡದ ಮೊತ್ತಕ್ಕಿಂತ ತಪ್ಪಿದ ಪಂದ್ಯವೇ ಚುಚ್ಚುತ್ತದೆ, ಅದೂ ಪ್ಲೇಆಫ್‌ನಲ್ಲಾದರೆ.

ಹಂತ 5: ಮೇಲ್ಮನವಿ

ಶಿಕ್ಷೆ ಕೊಡುವವರೂ ಮನವಿ ಕೇಳುವವರೂ ಕಮಿಷನರೇ ಆದರೆ ನ್ಯಾಯ ಎಲ್ಲಿ ಎಂಬುದು ಆಟಗಾರರ ಸಂಘದ ಹಳೆಯ ಪ್ರಶ್ನೆ. 1997ರ ಡಿಸೆಂಬರ್‌ನಲ್ಲಿ ಅಭ್ಯಾಸದ ವೇಳೆ ಕೋಚ್ ಪಿ.ಜೆ. ಕಾರ್ಲೆಸಿಮೊ ಅವರ ಕತ್ತು ಹಿಸುಕಿದ ಲಾಟ್ರೆಲ್ ಸ್ಪ್ರೀವೆಲ್‌ಗೆ ಲೀಗ್ ಒಂದು ವರ್ಷ ಅಮಾನತು ವಿಧಿಸಿತ್ತು, ವಾರಿಯರ್ಸ್ ಒಪ್ಪಂದವನ್ನೇ ರದ್ದು ಮಾಡಿತ್ತು. ಮಧ್ಯಸ್ಥಗಾರ ಜಾನ್ ಫೀರಿಕ್ ಅಮಾನತನ್ನು 68 ಪಂದ್ಯಕ್ಕೆ ಇಳಿಸಿ, ಒಪ್ಪಂದವನ್ನು ಉಳಿಸಿದರು. 2004ರ ಗಲಾಟೆಯಲ್ಲಿ ಜರ್ಮೇನ್ ಓನೀಲ್‌ಗೆ ಹಾಕಿದ್ದ 25 ಪಂದ್ಯಗಳನ್ನು ಮಧ್ಯಸ್ಥಗಾರ ರಾಜರ್ ಕಪ್ಲನ್ 15ಕ್ಕೆ ಇಳಿಸಿದರು, ಆರ್ಟೆಸ್ಟ್ ಮತ್ತು ಜ್ಯಾಕ್ಸನ್ ಶಿಕ್ಷೆಯನ್ನು ಮುಟ್ಟಲಿಲ್ಲ. ಅಂಕಣದ ವಿಷಯದಲ್ಲಿ ಮಧ್ಯಸ್ಥಗಾರರಿಗೆ ಅಧಿಕಾರವೇ ಇಲ್ಲ ಎಂದು ಲೀಗ್ ನ್ಯಾಯಾಲಯಕ್ಕೆ ಹೋಯಿತು, ಗೆಲ್ಲಲಿಲ್ಲ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2005ರ ಒಪ್ಪಂದದಲ್ಲಿ 12 ಪಂದ್ಯ ಮೀರಿದ ಅಮಾನತನ್ನು ಮಧ್ಯಸ್ಥಗಾರರ ಮುಂದೆ ಒಯ್ಯಲು ದಾರಿ ಮಾಡಿಕೊಟ್ಟರು. ಚಿಕ್ಕ ಅಮಾನತು ಮನವಿ ಮುಗಿಯುವುದರೊಳಗೇ ಮುಗಿದುಹೋಗುತ್ತದೆ.

ನಮ್ಮ ಅಂಕಣಗಳಲ್ಲಿ

ಕರ್ನಾಟಕದ ಟೂರ್ನಿಗಳು ನಡೆಯುವುದು ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದಲ್ಲಿ. ಅಲ್ಲಿ ಫ್ಲೇಗ್ರಂಟ್ ಬದಲು ಅನ್‌ಸ್ಪೋರ್ಟ್ಸ್‌ಮನ್‌ಲೈಕ್ ಫೌಲ್. ಎರಡಾದರೆ ಹೊರಗೆ, ಒಂದು ಅದು, ಒಂದು ಟೆಕ್ನಿಕಲ್ (ಅಶಿಸ್ತಿನಂಥ ತಪ್ಪಿಗೆ ಕೊಡುವ ಫೌಲ್) ಆದರೂ ಹೊರಗೆ. ಹೊಡೆದಾಟಕ್ಕೆ ನೇರವಾಗಿ ಡಿಸ್‌ಕ್ವಾಲಿಫೈಯಿಂಗ್ ಫೌಲ್. ಹೊರಹಾಕಿದವನು ಬೆಂಚಿನಲ್ಲಿ ಕೂರುವಂತಿಲ್ಲ, ಡ್ರೆಸಿಂಗ್ ರೂಮಿಗೆ ಹೋಗಬೇಕು, ಇಲ್ಲವೇ ಕಟ್ಟಡ ಬಿಡಬೇಕು. ಜಗಳಕ್ಕೆ ಬೆಂಚು ದಾಟಿದವರೂ ಹೊರಗೆ. ರೆಫರಿಗೆ ನೆರವಾಗಲೆಂದು ಒಳಬರಬಹುದಾದವರು ಮುಖ್ಯ ಕೋಚ್ ಮತ್ತು ಮೊದಲ ಸಹಾಯಕ ಕೋಚ್ ಮಾತ್ರ.

ಇದು ಕೈಮೀರಿದರೆ ಏನಾಗುತ್ತದೆ ಎಂಬುದಕ್ಕೆ 2018ರ ಜುಲೈ 2ರ ಫಿಲಿಪ್ಪೀನ್ಸ್–ಆಸ್ಟ್ರೇಲಿಯಾ ವಿಶ್ವಕಪ್ ಅರ್ಹತಾ ಪಂದ್ಯವೇ ಸಾಕು. 13 ಆಟಗಾರರನ್ನು ಹೊರಹಾಕಬೇಕಾಯಿತು. ಫಿಲಿಪ್ಪೀನ್ಸ್ ಕಡೆ ಮೂವರೇ ಉಳಿದರು, ಅವರಲ್ಲಿ ಇಬ್ಬರು ಬೇಕೆಂದೇ ಫೌಲ್ ಮಾಡಿ ಹೊರನಡೆದ ಮೇಲೆ ಪಂದ್ಯ 89-53ಕ್ಕೆ ನಿಂತಿತು.

ಊರಿನ ಪಂದ್ಯಗಳಲ್ಲಿ ಹತ್ತು ಕ್ಯಾಮೆರಾ ಇರುವುದಿಲ್ಲ, ಆದ್ದರಿಂದ ಜಗಳ ಹತ್ತಿದರೆ ರೆಫರಿಗಳೆಲ್ಲರೂ ಬಿಡಿಸಲು ನುಗ್ಗಬಾರದು. ಒಬ್ಬರು ಹಿಂದೆ ಸರಿದು, ಎರಡೂ ಬೆಂಚು ಕಾಣುವಲ್ಲಿ ನಿಂತು, ದಾಟಿ ಬಂದವರ ಜೆರ್ಸಿ ಸಂಖ್ಯೆಗಳನ್ನು ಗುರುತು ಮಾಡಿಕೊಳ್ಳಬೇಕು. ಆಟ ಮತ್ತೆ ಶುರುವಾಗುವ ಮೊದಲೇ ಆ ಸಂಖ್ಯೆಗಳು ಸ್ಕೋರರ್ ಮೇಜಿಗೆ ತಲುಪಿ, ಸ್ಕೋರ್‌ಶೀಟ್‌ನಲ್ಲಿ ಅವರವರ ಹೆಸರಿನ ಎದುರು ಡಿಸ್‌ಕ್ವಾಲಿಫೈಯಿಂಗ್ ಫೌಲ್‌ನ ಗುರುತು ‘ಡಿ’ ಬೀಳಬೇಕು. ಸಂಘಟಕರಿಗೆ ಕೊಡುವ ವರದಿಯನ್ನು ಅದೇ ದಿನ, ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆಯಬೇಕು: ಯಾವ ಕ್ವಾರ್ಟರ್, ಗಡಿಯಾರದಲ್ಲಿ ಎಷ್ಟು ಉಳಿದಿತ್ತು, ಯಾವ ಸಂಖ್ಯೆಯವನು ಏನು ಮಾಡಿದ, ಅವನ ಹಿಂದೆ ಯಾರು ಬಂದರು.