ಕೀಮೋ ಯಾಕೆ ನಾಟಲಿಲ್ಲ? ಕಾರಣ ಹುಡುಕುವುದು ಹೀಗೆ

ಎರಡು ಮೂರು ಸುತ್ತು ಕೀಮೋ ಆದ ಮೇಲಿನ ಸ್ಕ್ಯಾನ್ ವರದಿಯಲ್ಲಿ ‘ಪ್ರೊಗ್ರೆಸಿವ್ ಡಿಸೀಸ್’ ಎಂದಿದ್ದರೆ, ಅಳತೆಗೆ ಹಿಡಿದ ಗೆಡ್ಡೆಗಳು ಒಟ್ಟಾರೆ ಶೇ 20ರಷ್ಟಾದರೂ ಬೆಳೆದಿವೆ, ಇಲ್ಲವೇ ಹೊಸ ಗೆಡ್ಡೆ ಕಾಣಿಸಿದೆ ಎಂದರ್ಥ. ಆಗ ಮನೆಯವರು ಮೊದಲು ಹುಡುಕುವುದು ರೋಗಿಯ ತಪ್ಪನ್ನು: ಊಟ ಬಿಟ್ಟರು, ಪಥ್ಯ ಮಾಡಲಿಲ್ಲ. ದಯವಿಟ್ಟು ಅದು ಬೇಡ. ಕಾರಣ ಜೀವಕೋಶದೊಳಗಿದೆ. ಶ್ವಾಸಕೋಶದ ಕ್ಯಾನ್ಸರ್‌ಗೆ ಬಹುಕಾಲದಿಂದ ಕೊಡುತ್ತಿರುವ ಸಿಸ್‌ಪ್ಲಾಟಿನ್ ಎಂಬ, ಪ್ಲಾಟಿನಂ ಇರುವ ಕೀಮೋ ಔಷಧದ ಬೆನ್ನು ಹಿಡಿದು ಹೋಗೋಣ.

1. ಡ್ರಿಪ್‌ನಿಂದ ಶುರುಮಾಡಿ. ಈ ಔಷಧವನ್ನು ಸಲೈನ್‌ನಲ್ಲೇ ಬೆರೆಸುತ್ತಾರೆ. ಉಪ್ಪಿನ ಕ್ಲೋರೈಡ್ ಹೆಚ್ಚಿರುವಲ್ಲಿ, ರಕ್ತದಲ್ಲೂ ಸಹ, ಅದು ಬಹುಮಟ್ಟಿಗೆ ತೆಪ್ಪಗಿರುತ್ತದೆ. ಜೀವಕೋಶದೊಳಗೆ ಕ್ಲೋರೈಡ್ ಕಡಿಮೆ. ಅಲ್ಲಿ ತನ್ನ ಕ್ಲೋರೈಡ್ ಕಳಚಿಕೊಂಡು ನೀರಿನ ಅಣುವನ್ನು ಸೇರಿಸಿಕೊಂಡಾಗಲೇ ಅದಕ್ಕೆ ಹಲ್ಲು ಮೂಡುವುದು.

2. ಬಾಗಿಲು ನೋಡಿ. ತಾಮ್ರವನ್ನು ಒಳತರುವ ಸಿಟಿಆರ್1 ಎಂಬ ಪ್ರೋಟೀನ್ ಇದಕ್ಕೂ ಒಂದು ದಾರಿ. ಕ್ಯಾನ್ಸರ್ ಕೋಶ ಆ ಬಾಗಿಲುಗಳನ್ನು ಕಡಿಮೆ ಮಾಡಬಹುದು, ತಾಮ್ರ ಹೊರಹಾಕುವ ಪಂಪುಗಳನ್ನು ಹೆಚ್ಚಿಸಬಹುದು.

3. ಒಳಗೆ ಕಾದಿರುವ ಗ್ಲುಟಾಥಯೋನ್, ಕೋಶವನ್ನು ಕಾಯುವ ಒಂದು ಸಣ್ಣ ಅಣು. ಇದರಲ್ಲಿ ಗಂಧಕವಿದೆ, ಪ್ಲಾಟಿನಂ ಗಂಧಕವನ್ನು ಕಂಡರೆ ಅಂಟಿಕೊಳ್ಳುತ್ತದೆ. ಗ್ಲುಟಾಥಯೋನ್ ತುಂಬಿದ ಕೋಶದಲ್ಲಿ ಎಷ್ಟೋ ಔಷಧ ಡಿಎನ್‌ಎ ಮುಟ್ಟುವ ಮೊದಲೇ ಸೆರೆಯಾಗುತ್ತದೆ.

4. ಡಿಎನ್‌ಎ. ಡಿಎನ್‌ಎಯ ಅಕ್ಷರಗಳಲ್ಲೊಂದಾದ ಗ್ವಾನೀನ್ ಅಕ್ಕಪಕ್ಕ ಎರಡಿರುವಲ್ಲಿ ಅವನ್ನು ಬಿಗಿದು ಎಳೆಯನ್ನೇ ಬಗ್ಗಿಸುವುದು ಔಷಧದ ಕೆಲಸ. ಇಆರ್‌ಸಿಸಿ1 ಎಂಬ ಪ್ರೋಟೀನ್ ಇರುವ ದುರಸ್ತಿ ತಂಡ ಆ ತುಂಡನ್ನು ಕತ್ತರಿಸಿ ಹೊಸದನ್ನು ಕೂರಿಸುತ್ತದೆ. ಈ ಪ್ರೋಟೀನನ್ನು ಅಳೆದು ಕೀಮೋ ಆರಿಸಬಹುದೆಂಬ ದೊಡ್ಡ ಆಸೆಯಿತ್ತು. ಇದರ ನಾಲ್ಕು ರೂಪಗಳಲ್ಲಿ ದುರಸ್ತಿಗೆ ಬರುವುದು ಒಂದೇ, ಅದನ್ನು ಬೇರೆಯಾಗಿ ಗುರುತಿಸುವ ಪರೀಕ್ಷೆ ಇಲ್ಲ ಎಂಬುದು 2013ರಲ್ಲಿ ಸ್ಪಷ್ಟವಾಯಿತು. ಹಾಗಾಗಿ ಈ ಒಂದು ಅಂಕಿಯನ್ನು ನಂಬಿ ಚಿಕಿತ್ಸೆ ಬದಲಿಸಬೇಡಿ.

5. ಸಾವಿನ ಆಜ್ಞೆ. ಡಿಎನ್‌ಎ ಕೆಟ್ಟರೆ ಕೋಶಕ್ಕೆ ಸಾಯಲು ಹೇಳುವವರಲ್ಲಿ ಪಿ53 ಎಂಬ ಪ್ರೋಟೀನ್ ಪ್ರಮುಖ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಅದೇ ಕೆಟ್ಟಿರುವುದು ಬಹಳ ಸಾಮಾನ್ಯ. ಏಟು ಬಿದ್ದಿದೆ, ಕೋಶ ಸತ್ತಿಲ್ಲ.

ಇವೆಲ್ಲ ಒಂದೇ ಗೆಡ್ಡೆಯ ಬೇರೆಬೇರೆ ಮೂಲೆಗಳಲ್ಲಿ ಒಟ್ಟಿಗೇ ನಡೆಯಬಹುದು. ಅದಕ್ಕೇ ಡೋಸ್ ಏರಿಸಿದರೆ ಸಾಲದು.

6. ಈಗ ವೈದ್ಯರನ್ನು ಕೇಳಿ: ಜೀನ್ ಪರೀಕ್ಷೆ ಆಗಿದೆಯೇ? ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನ್‌ಗಳ ಬದಲಾವಣೆಗಳಿಗೆ ಮಾತ್ರೆಗಳಿವೆ. ಮಾತ್ರೆಗೂ ಕೋಶ ಒಗ್ಗಿಕೊಳ್ಳುತ್ತದೆ. ಇಜಿಎಫ್‌ಆರ್‌ಗೆ ಕೊಡುವ ಜೆಫಿಟಿನಿಬ್ ಮಾತ್ರೆ ಕೈಕೊಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಟಿ790ಎಂ ಎಂಬ ಹೊಸ ಬದಲಾವಣೆ ಸಿಗುತ್ತದೆ. ಅದಕ್ಕೆ ಒಸಿಮರ್ಟಿನಿಬ್ ಎಂಬ ಮಾತ್ರೆ ಇದೆ. ಟಿ790ಎಂ ಬದಲಾವಣೆಯನ್ನು ರಕ್ತದಲ್ಲೂ ಹುಡುಕಬಹುದು. ರಕ್ತದಲ್ಲಿ ಸಿಗದಿದ್ದರೆ ‘ಇಲ್ಲ’ ಎಂದುಕೊಳ್ಳದೆ ಮರುಬಯಾಪ್ಸಿ ಸಾಧ್ಯವೇ ಎಂದು ವಿಚಾರಿಸಿ. ಕೆಲವರಲ್ಲಿ ಗೆಡ್ಡೆ ಸಣ್ಣಕೋಶದ ಕ್ಯಾನ್ಸರ್ ಎಂಬ ಬೇರೆಯೇ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಆಗಿ ಮಾರ್ಪಟ್ಟಿರುತ್ತದೆ. ಅದನ್ನು ಖಚಿತಪಡಿಸಿಕೊಳ್ಳಲು ಗೆಡ್ಡೆಯ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೇ ನೋಡಬೇಕು.