ಸಲ್ಲಿಸುವ ದಿನವೇ ಬರೆಯಬೇಕಾಗಿದ್ದ ಎರಡು ಸಾಲು

ಬೊಮ್ಮನಹಳ್ಳಿಯ ಒಂದು ವಠಾರದ ಮೆಟ್ಟಿಲ ಮೇಲೆ ಕುಳಿತು, ನಾವು ಅಕ್ಕ ಎಂದು ಕರೆಯುವ ನಮ್ಮ ಅಧ್ಯಯನದ ಕ್ಷೇತ್ರ ಕಾರ್ಯಕರ್ತೆ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದರು. ತೆರೆಯ ಮೇಲೆ ನಮ್ಮ ಪ್ರಬಂಧದ ಶೀರ್ಷಿಕೆ ಇತ್ತು, ಲೇಖಕರ ಸಾಲಿನಲ್ಲಿ ಆರನೆಯದಾಗಿ ಅವರ ಹೆಸರೂ ಇತ್ತು. ಅದರ ಕೆಳಗೆ ಒಂದು ಚೌಕ: ಪೂರ್ತಿ ಓದಬೇಕಾದರೆ 39 ಡಾಲರ್ ಕಟ್ಟಿ.

‘ಇದು ನಮ್ಮದೇ ಅಲ್ಲವೇ ಮೇಡಂ? ಓದುವುದಕ್ಕೂ ನಾವೇ ದುಡ್ಡು ಕೊಡಬೇಕೇ?’ ಎಂದು ಕೇಳಿದರು.

ನಾನು ನಕ್ಕು, ಕಾಲೇಜಿನಿಂದ ಪ್ರತಿ ಕಳಿಸುತ್ತೇನೆ ಎಂದೆ. ಸಂಜೆ ಮನೆಯಲ್ಲಿ ಕಂಪ್ಯೂಟರ್ ತೆರೆದು ನೋಡಿದರೆ ನನಗೂ ಅದೇ ಚೌಕ. ಪ್ರಬಂಧ ಅಚ್ಚಾದ ಆ ಜರ್ನಲ್‌ಗೆ, ಎಂದರೆ ಸಂಶೋಧನಾ ಪತ್ರಿಕೆಗೆ, ನಮ್ಮ ಕಾಲೇಜು ಚಂದಾ ಕಟ್ಟಿರಲಿಲ್ಲ.

ನಾನು ಬೆಂಗಳೂರಿನ ಒಂದು ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಅಧ್ಯಯನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳ ರಕ್ತಹೀನತೆಯ ಬಗ್ಗೆ. ವಾರದ ರಜೆ ಭಾನುವಾರವಾದ್ದರಿಂದ ನಮ್ಮ ಕೆಲಸವೂ ಭಾನುವಾರವೇ: ಮನೆಮನೆಗೆ ಹೋಗಿ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುವುದು, ಊಟತಿಂಡಿಯ ಪ್ರಶ್ನೆ ಕೇಳುವುದು. ಅಕ್ಕ ಹಿಂದೆ ತಾವೇ ಹನ್ನೊಂದು ವರ್ಷ ಟೈಲರ್ ಆಗಿದ್ದವರು. ಅವರಿಲ್ಲದಿದ್ದರೆ ನಮಗೆ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ.

ಹಣ ಬಂದದ್ದು ಬ್ರಿಟನ್ನಿನ ವೆಲ್‌ಕಮ್ ದತ್ತಿಯಿಂದ. ಔಷಧ ವ್ಯಾಪಾರಿ ಹೆನ್ರಿ ವೆಲ್‌ಕಮ್ 1936ರಲ್ಲಿ ತೀರಿಕೊಂಡ ಮೇಲೆ ಅವರ ಉಯಿಲಿನಿಂದ ಹುಟ್ಟಿದ ಸಂಸ್ಥೆ ಅದು. ತನ್ನ ದುಡ್ಡಿನಲ್ಲಿ ನಡೆದ ಸಂಶೋಧನೆಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತಿರಬೇಕು ಎಂಬ ಷರತ್ತನ್ನು ಅದು 2005ರಿಂದಲೇ ಹಾಕುತ್ತ ಬಂದಿದೆ. 2021ರ ಜನವರಿ 1ರಿಂದ ಷರತ್ತು ಬಿಗಿಯಾಯಿತು. ಪ್ರಬಂಧ ಪ್ರಕಟವಾದ ದಿನವೇ ಯುರೋಪ್ ಪಿಎಂಸಿ ಎಂಬ ಜಾಲ ಭಂಡಾರದಲ್ಲಿ ಸಿಗಬೇಕು, ಆರು ತಿಂಗಳು ಒಂದು ವರ್ಷ ಎಂದು ತಡೆಹಿಡಿಯುವಂತಿಲ್ಲ, ಸಿಸಿ ಬೈ ಪರವಾನಗಿ ಇರಬೇಕು. ಎಂದರೆ, ಮೂಲ ಲೇಖಕರ ಹೆಸರು ಹೇಳಿ ಯಾರಾದರೂ ಅದನ್ನು ಹಂಚಬಹುದು, ಅನುವಾದಿಸಬಹುದು, ಮರುಬಳಸಬಹುದು.

ಇದೆಲ್ಲ ಅನುದಾನದ ಪತ್ರದಲ್ಲಿ ಇತ್ತು. ನಾನು ರುಜು ಹಾಕಿದ್ದೆ. ಓದಿರಲಿಲ್ಲ ಎಂದಲ್ಲ, ಪ್ರಬಂಧ ಒಪ್ಪಿಗೆಯಾದ ಮೇಲೆ ನೋಡಿಕೊಳ್ಳುವ ವಿಷಯ ಎಂದುಕೊಂಡಿದ್ದೆ. ಹೆಚ್ಚಿನವರು ಹಾಗೆಯೇ ಅಂದುಕೊಳ್ಳುತ್ತಾರೆ. ತಪ್ಪಿದ್ದು ಅಲ್ಲೇ.

ಒಪ್ಪಿಗೆಯ ಮಿಂಚಂಚೆ 2022ರ ಜೂನ್‌ನಲ್ಲಿ ಒಂದು ರಾತ್ರಿ ಬಂತು. ಎರಡು ಸಲ ತಿರಸ್ಕೃತವಾಗಿ, ಮೂರನೆಯ ಕಡೆ ಎರಡು ಸುತ್ತು ತಿದ್ದುಪಡಿಯಾಗಿ ಬಂದ ಒಪ್ಪಿಗೆ. ಜೊತೆಗೆ ಒಂದು ಕೊಂಡಿ: ಪ್ರಕಟಣಾ ಒಪ್ಪಂದವನ್ನು 48 ಗಂಟೆಯೊಳಗೆ ಪೂರ್ಣಗೊಳಿಸಿ. ಒಳಗೆ ಎರಡೇ ಗುಂಡಿ. ಒಂದರ ಪಕ್ಕ ‘ಮುಕ್ತ ಪ್ರವೇಶ, 3,200 ಡಾಲರ್’, ಇನ್ನೊಂದರ ಪಕ್ಕ ‘ಚಂದಾ, ಶುಲ್ಕವಿಲ್ಲ’. ಮೊದಲನೆಯದರಲ್ಲಿ ಲೇಖಕರು ದುಡ್ಡು ಕಟ್ಟಿದರೆ ಎಲ್ಲರೂ ಬಿಟ್ಟಿಯಾಗಿ ಓದಬಹುದು, ಎರಡನೆಯದರಲ್ಲಿ ಓದುವವರು ಕಟ್ಟಬೇಕು. ಅಂದಿನ ಲೆಕ್ಕದಲ್ಲಿ 3,200 ಡಾಲರ್ ಎಂದರೆ ಎರಡೂವರೆ ಲಕ್ಷ ರೂಪಾಯಿ, ಮೇಲೆ ಜಿಎಸ್‌ಟಿ ಬೇರೆ. ಅಕ್ಕನ ಒಂದು ವರ್ಷದ ಗೌರವಧನಕ್ಕಿಂತ ಹೆಚ್ಚು. ನಾನು ಎರಡನೆಯ ಗುಂಡಿ ಒತ್ತಿದೆ. ಮುಂದಿನ ಪುಟದಲ್ಲಿ ಹಕ್ಕುಸ್ವಾಮ್ಯ ಪ್ರಕಾಶಕರಿಗೆ ಸೇರುತ್ತದೆ, ಒಪ್ಪಿಗೆಯಾದ ಹಸ್ತಪ್ರತಿಯನ್ನು 12 ತಿಂಗಳ ನಂತರವಷ್ಟೇ ಬೇರೆಡೆ ಹಾಕಬಹುದು ಎಂದಿತ್ತು. ಅದಕ್ಕೂ ಒಪ್ಪಿ, ಕಂಪ್ಯೂಟರ್ ಮುಚ್ಚಿ, ನೆಮ್ಮದಿಯಾಗಿ ಮಲಗಿದೆ.

ವರ್ಷದ ವರದಿ ಕಳಿಸುವಾಗ ಸಿಕ್ಕಿಬಿದ್ದೆ. ದುಡ್ಡು ಕಟ್ಟಿ ಬಿಡಿಸಿಕೊಳ್ಳೋಣ ಎಂದರೆ ಆ ದಾರಿಯೂ ಇಲ್ಲ. ಚಂದಾವನ್ನೂ ವಸೂಲು ಮಾಡಿ, ಬೇಕಾದವರಿಂದ ಬಿಡಿಬಿಡಿಯಾಗಿ ಮುಕ್ತ ಪ್ರವೇಶದ ಶುಲ್ಕವನ್ನೂ ಪಡೆಯುವ ಮಿಶ್ರ ಜರ್ನಲ್ ಅದು. ಅಂಥ ಬಿಡಿ ಶುಲ್ಕಕ್ಕೆ ವೆಲ್‌ಕಮ್ ಹಣ ಕೊಡುವುದಿಲ್ಲ. ಪ್ರಕಾಶಕರು ಹಂತಹಂತವಾಗಿ ಪೂರ್ತಿ ಮುಕ್ತವಾಗಲಿ ಎಂದು ಮಾಡಿಕೊಂಡ ಮಧ್ಯಂತರ ಒಪ್ಪಂದಗಳಿಗೆ ಕೆಲಕಾಲ ಹಣ ಸಿಗುತ್ತಿತ್ತು, 2024ರ ಕೊನೆಗೆ ಅದೂ ನಿಂತಿತು. ಶುಲ್ಕ ವಿನಾಯಿತಿ ಕೇಳಿದೆ. ಬಡ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ ಎಂದರು. ಪ್ರಕಾಶಕರ ಕಣ್ಣಿಗೆ ನಮ್ಮ ದೇಶದ ಒಟ್ಟು ಆದಾಯ ದೊಡ್ಡದು. ಅಕ್ಕನ ಆದಾಯವನ್ನು ಯಾರೂ ಕೇಳುವುದಿಲ್ಲ. ತಡೆಯ ಅವಧಿಯನ್ನು ಮನ್ನಾ ಮಾಡಿ ಎಂದು ಬರೆದ ಪತ್ರಕ್ಕೆ ಮೂರು ವಾರದ ನಂತರ ಒಂದು ಸಾಲಿನ ಉತ್ತರ ಬಂತು: ಆಗುವುದಿಲ್ಲ. ಪ್ರಬಂಧ ಒಂದು ವರ್ಷ ಬೀಗದೊಳಗೇ ಇತ್ತು.

ಆಮೇಲೆ ನಾನು ಹೋದದ್ದು ನಮ್ಮ ಗ್ರಂಥಪಾಲಕರ ಬಳಿಗೆ. ಮೊದಲೇ ಹೋಗಬೇಕಿತ್ತು. ವೈದ್ಯರಾದ ನಮಗೆ ಗ್ರಂಥಪಾಲಕರೆಂದರೆ ಪುಸ್ತಕ ಹಿಂತಿರುಗಿಸದಿದ್ದಾಗ ನೆನಪಿಸುವವರು, ಅಷ್ಟೇ. ಅವರು ಕಾಫಿ ತರಿಸಿ ಹೇಳಿದ್ದು ಇಷ್ಟು: ‘ಮೇಡಂ, ನೀವು ದುಡ್ಡಿನ ಲೆಕ್ಕ ಹಾಕುತ್ತಿದ್ದೀರಿ. ಇದು ಹಕ್ಕಿನ ಲೆಕ್ಕ. ಹಕ್ಕು ನಿಮ್ಮ ಕೈಯಲ್ಲಿರುವುದು ಒಪ್ಪಂದಕ್ಕೆ ಒಪ್ಪುವವರೆಗೆ, ಅದನ್ನು ಉಳಿಸಿಕೊಳ್ಳುವ ಮಾತು ಸಲ್ಲಿಸುವ ದಿನವೇ ಆಗಬೇಕು.’

ಅವರು ತೋರಿಸಿದ ದಾರಿ ವೆಲ್‌ಕಮ್‌ನ ನಿಯಮದಲ್ಲೇ ಇದೆ. ಪ್ರಬಂಧವನ್ನು ಮೊದಲ ಸಲ ಜರ್ನಲ್‌ಗೆ ಕಳಿಸುವಾಗಲೇ ಕೃತಜ್ಞತೆಯ ಭಾಗದಲ್ಲಿ ಎರಡು ಸಾಲು ಸೇರಿಸಬೇಕು. ಈ ಕೆಲಸಕ್ಕೆ ಹಣ ಕೊಟ್ಟವರು ಇಂಥವರು, ಅನುದಾನದ ಸಂಖ್ಯೆ ಇಂತಿಷ್ಟು, ಇದು ಮೊದಲನೆಯದು. ಈ ಸಲ್ಲಿಕೆಯಿಂದ ಮುಂದೆ ಒಪ್ಪಿಗೆಯಾಗುವ ಹಸ್ತಪ್ರತಿಗೆ ಲೇಖಕರು ಈಗಾಗಲೇ ಸಿಸಿ ಬೈ ಪರವಾನಗಿ ಅನ್ವಯಿಸಿದ್ದಾರೆ ಎಂಬುದು ಎರಡನೆಯದು. ಆಮೇಲೆ ಪ್ರಕಾಶಕರು ಏನೇ ಒಪ್ಪಂದ ಮುಂದಿಟ್ಟರೂ ಈ ಪರವಾನಗಿ ಅದಕ್ಕಿಂತ ಹಿಂದಿನದು. ಸೈಟು ಕೊಳ್ಳುವವರು ಮೊದಲು ಋಣಭಾರ ಪತ್ರ ತೆಗೆಸಿ ನೋಡುತ್ತಾರಲ್ಲ, ಹಾಗೆ ಹಸ್ತಪ್ರತಿಯ ಮೇಲೆ ಮೊದಲೇ ಒಂದು ಹಕ್ಕು ಕೂತಿದೆ ಎಂದು ಎಲ್ಲರಿಗೂ ಕಾಣುವಂತೆ ಬರೆದಿಡುವುದು. ಇದಕ್ಕೆ ಖರ್ಚು ಸೊನ್ನೆ.

ಎರಡನೆಯ ಪ್ರಬಂಧಕ್ಕೆ ಹಾಗೆಯೇ ಮಾಡಿದೆ. ಸುಲಭವಾಗಿ ಆಯಿತು ಎನ್ನಲಾರೆ. ಮೊದಲು ಕಳಿಸಿದ ಜರ್ನಲ್‌ನವರು ಆ ಸಾಲನ್ನು ತೆಗೆದು ಮತ್ತೆ ಸಲ್ಲಿಸಿ ಎಂದರು. ನಾನು ತೆಗೆಯಲಿಲ್ಲ, ಅವರು ಪರಿಣತರ ವಿಮರ್ಶೆಗೆ ಕಳಿಸಲಿಲ್ಲ, ಮೂರು ವಾರ ಹೋಯಿತು. ನನ್ನ ಹಿರಿಯ ಸಹಲೇಖಕರು ಸಿಟ್ಟಾದರು. ‘ನಿಮ್ಮ ಆದರ್ಶಕ್ಕೆ ನನ್ನ ಕಿರಿಯರ ಬಡ್ತಿ ಬಲಿಯಾಗಬಾರದು’ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆದರ್ಶವಲ್ಲ ಸರ್, ಅನುದಾನದ ಷರತ್ತು, ಎಂದು ಪತ್ರವನ್ನು ಮುಂದಿಟ್ಟ ಮೇಲೆ ಸುಮ್ಮನಾದರು. ಎರಡನೆಯ ಜರ್ನಲ್‌ನವರು ಸಾಲಿನ ಬಗ್ಗೆ ಒಂದು ಮಾತೂ ಆಡದೆ ವಿಮರ್ಶೆಗೆ ಕಳಿಸಿದರು.

ಅದೇ ವಾರ ಮೆಡ್ಆರ್‌ಕೈವ್‌ಗೆ ಪ್ರಿಪ್ರಿಂಟ್ ಹಾಕಿದೆವು. ವಿಮರ್ಶೆಗೆ ಮುಂಚಿನ ವೈದ್ಯಕೀಯ ಹಸ್ತಪ್ರತಿಗಳಿಗೆಂದು 2019ರಲ್ಲಿ ಶುರುವಾದ ತಾಣ ಅದು. ಯಾರಾದರೂ ಕದ್ದರೆ ಎಂಬ ಭಯ ಮೊದಲ ಸಲ ನಮ್ಮನ್ನು ತಡೆದಿತ್ತು. ದಿನಾಂಕ ಸಮೇತ ಎಲ್ಲರ ಕಣ್ಣೆದುರು ಇಟ್ಟದ್ದನ್ನು ಕದಿಯುವುದೇ ಕಷ್ಟ ಎಂದು ಈಗ ನನಗೆ ಅನ್ನಿಸುತ್ತದೆ. ಗೇಟ್ಸ್ ಪ್ರತಿಷ್ಠಾನವಂತೂ 2025ರಿಂದ ಪ್ರಕಟಣಾ ಶುಲ್ಕ ಕೊಡುವುದನ್ನೇ ನಿಲ್ಲಿಸಿ, ಪ್ರಿಪ್ರಿಂಟ್ ಕಡ್ಡಾಯ ಮಾಡಿದೆ. ಅವರ ಹಣದಲ್ಲಿ ಕೆಲಸ ಮಾಡುವ ಗೆಳೆಯರು ಇದನ್ನು ಗಮನಿಸಬೇಕು, ಎಲ್ಲ ದತ್ತಿಗಳ ನಿಯಮ ಒಂದೇ ಅಲ್ಲ.

ಒಪ್ಪಿಗೆ ಬಂದಾಗ ಮತ್ತೆ ಅದೇ ಬಗೆಯ ನಮೂನೆ. ಈ ಸಲ ಹಗಲು ಹೊತ್ತಿನಲ್ಲಿ, ಗ್ರಂಥಪಾಲಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆದೆ. ಪೂರ್ಣ ಹಕ್ಕು ವರ್ಗಾವಣೆಗೆ ಕೇಳಿದ್ದರು. ಸಲ್ಲಿಸುವಾಗಲೇ ಹೇಳಿದ ಪರವಾನಗಿಗೆ ಒಳಪಟ್ಟು ಸಹಿ ಮಾಡುತ್ತಿದ್ದೇನೆ ಎಂದು ಸಂಪಾದಕರಿಗೆ ಮೊದಲು ಪತ್ರ ಬರೆದು, ಅವರ ಒಪ್ಪಿಗೆ ಬಂದ ಮೇಲೆ ಸಹಿ ಹಾಕಿದೆ. ಆ ಪತ್ರದ ಪ್ರತಿ ಇಂದಿಗೂ ನನ್ನ ಕಡತದಲ್ಲಿದೆ.

ಇನ್ನು ಭಂಡಾರಕ್ಕೆ ಏರಿಸುವ ಕೆಲಸ. ಹಸ್ತಪ್ರತಿ ಸಲ್ಲಿಸಲೆಂದೇ ಇರುವ ಯುರೋಪ್ ಪಿಎಂಸಿ ಪ್ಲಸ್ ತಾಣಕ್ಕೆ ಹೋಗಿ, ಹಸ್ತಪ್ರತಿಯನ್ನೂ ಚಿತ್ರಗಳನ್ನೂ ಏರಿಸಿ, ಅನುದಾನದ ಸಂಖ್ಯೆಯನ್ನು ಜೋಡಿಸಬೇಕು. ಅಲ್ಲಿಗೆ ಬೇಕಾದದ್ದು ಜರ್ನಲ್ ಅಚ್ಚುಹಾಕಿದ ಚೆಂದದ ಪಿಡಿಎಫ್ ಅಲ್ಲ, ವಿಮರ್ಶೆಯ ತಿದ್ದುಪಡಿಗಳೆಲ್ಲ ಸೇರಿದ, ನಾವೇ ಟೈಪು ಮಾಡಿದ ಕೊನೆಯ ಪ್ರತಿ. ಇಲ್ಲಿ ನಾನೊಮ್ಮೆ ಎಡವಿದೆ. ಕೆಲವು ದಿನಗಳ ನಂತರ ಅವರು ಜಾಲಪುಟದ ರೂಪಕ್ಕೆ ತಂದು ಪರಿಶೀಲನೆಗೆ ಕಳಿಸಿದರು. ಎರಡನೆಯ ಕೋಷ್ಟಕದಲ್ಲಿ 412 ಮಹಿಳೆಯರು ಎಂದಿತ್ತು. ನನಗೆ 409 ಎಂದು ನೆನಪು. ಮೂವರು ತಮ್ಮ ಮಾಹಿತಿ ಬೇಡವೆಂದು ನಡುವೆ ಹಿಂದೆಗೆದಿದ್ದರು, ಅಕ್ಕನ ನೋಟ್‌ಬುಕ್ಕಿನಲ್ಲಿ ಮೂರು ಹೆಸರಿನ ಮೇಲೆ ಕೆಂಪು ಗೆರೆ ಇತ್ತು. ಕೊನೆಯ ಸುತ್ತಿನಲ್ಲಿ ಆ ತಿದ್ದುಪಡಿಯನ್ನು ಮಾಡಿದ್ದು ಸಹಲೇಖಕರ ಲ್ಯಾಪ್‌ಟಾಪಿನಲ್ಲಿ. ನಾನು ಏರಿಸಿದ್ದು ನನ್ನಲ್ಲಿದ್ದ ಹಳೆಯ ಪ್ರತಿ. ಒಪ್ಪಿಗೆಯ ಗುಂಡಿ ಒತ್ತುವ ಮೊದಲು ಕಣ್ಣಿಗೆ ಬಿತ್ತು, ಅದು ಅದೃಷ್ಟ. ಈಗ ಒಪ್ಪಿಗೆಯ ಮಿಂಚಂಚೆ ಬಂದ ಗಂಟೆಯಲ್ಲೇ ಆ ಪ್ರತಿಯನ್ನು ಗ್ರಂಥಾಲಯಕ್ಕೆ ಕಳಿಸಿಬಿಡುತ್ತೇವೆ.

ಶುಲ್ಕ ಕಟ್ಟಿ ಪೂರ್ತಿ ಮುಕ್ತ ಜರ್ನಲ್‌ನಲ್ಲಿ ಹಾಕುವ ದಾರಿಯೂ ಇದೆ. ಮುಕ್ತ ಜರ್ನಲ್‌ಗಳ ಜಾಗತಿಕ ಪಟ್ಟಿಯಾದ ಡಿಒಎಜೆಯಲ್ಲಿ ಆ ಜರ್ನಲ್ ಇದ್ದರೆ ವೆಲ್‌ಕಮ್ ಅದನ್ನು ಒಪ್ಪುತ್ತದೆ. ಆದರೆ ಹಣವನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು, ಡಾಲರ್‌ನಲ್ಲಿ ಕಳಿಸುವಾಗ ತೆರಿಗೆಯ ನಮೂನೆ, ಲೆಕ್ಕಪರಿಶೋಧಕರ ಸಹಿ ಎಂದು ನಮ್ಮ ಲೆಕ್ಕಪತ್ರ ವಿಭಾಗದ ಮೆಟ್ಟಿಲು ಹತ್ತಿಳಿಯಬೇಕು. ‘ಮಾನ್ಯ ವೈದ್ಯರೇ, ನಿಮ್ಮ ಅಮೂಲ್ಯ ಪ್ರಬಂಧವನ್ನು ಐದೇ ದಿನದಲ್ಲಿ ಪ್ರಕಟಿಸುತ್ತೇವೆ’ ಎಂದು ದಿನವೂ ಬರುವ ಪತ್ರಗಳ ಮಾತು ಬೇಡ. ಪರಿಶೀಲಿಸದೆ ದುಡ್ಡಿಗೆ ಅಚ್ಚುಹಾಕುವ ಅಂಥವರೂ ಮುಕ್ತ ಪ್ರವೇಶದ ಹೆಸರಿನಲ್ಲೇ ಬರುತ್ತಾರೆ.

ಇದನ್ನು ವಿಲಾಯಿತಿ ದತ್ತಿಯ ಹುಕುಂ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಅವರಿಗೆ ನಾನು ಸದಾಶಿವನಗರದ ಕಡೆ ಕೈತೋರಿಸುತ್ತೇನೆ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಅಲ್ಲಿದೆ, ಅದರ ಜರ್ನಲ್‌ಗಳ ಪ್ರಬಂಧಗಳು ಅಕಾಡೆಮಿಯ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಮ್ಮ ಊರಿನವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಪ್ರಬಂಧ ಭಂಡಾರವನ್ನು ತೆರೆದು ಎರಡು ದಶಕ ದಾಟಿತು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ಹಾಗೂ ತಂತ್ರಜ್ಞಾನ ಇಲಾಖೆ ಸೇರಿ 2014ರಲ್ಲೇ ಮುಕ್ತ ಪ್ರವೇಶದ ನೀತಿ ಹೊರಡಿಸಿವೆ. ಈಗ ‘ಒಂದು ರಾಷ್ಟ್ರ, ಒಂದು ಚಂದಾ’ ಬಂದಿದೆಯಲ್ಲ, ಇನ್ನೇಕೆ ಈ ತಲೆನೋವು ಎಂದೂ ಕೇಳುತ್ತಾರೆ. ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಆ ಯೋಜನೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೂ ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೂ ಇರುವುದು. ನಮ್ಮಂಥ ಖಾಸಗಿ ಕಾಲೇಜಿಗೆ ಅದು ತಲುಪಿಲ್ಲ, ಬೊಮ್ಮನಹಳ್ಳಿಯ ಮೆಟ್ಟಿಲಿಗಂತೂ ದೂರದ ಮಾತು.

ಸಿಸಿ ಬೈ ಏಕೆ ಬೇಕು ಎಂಬುದು ನನಗೆ ನಿಜವಾಗಿ ಹೊಳೆದದ್ದು ಕನ್ನಡದಲ್ಲಿ. ಮೊದಲ ಪ್ರಬಂಧದ ಒಂದು ಚಿತ್ರವನ್ನು ಕರಪತ್ರಕ್ಕೆ ಹಾಕಿಕೊಳ್ಳಲು, ನಾನೇ ಬರೆದ ಚಿತ್ರಕ್ಕೆ, ಪ್ರಕಾಶಕರ ಅನುಮತಿಗೆ ಅರ್ಜಿ ಹಾಕಬೇಕಾಗಿತ್ತು. ಎರಡನೆಯದಕ್ಕೆ ಯಾರನ್ನೂ ಕೇಳಲಿಲ್ಲ. ಸಾರಾಂಶವನ್ನೂ ಎರಡು ಕೋಷ್ಟಕವನ್ನೂ ಕನ್ನಡಕ್ಕೆ ತಂದು ನಾಲ್ಕು ಪುಟ ಮಾಡಿ, ಸುಲ್ತಾನಪೇಟೆಯ ಅಚ್ಚುಕೂಟಕ್ಕೆ ಕೊಡುವ ಮುನ್ನ ಕರಡನ್ನು ಅಕ್ಕನಿಗೆ ಕೊಟ್ಟೆ.

ಅವರು ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿದರು. ‘ಬೆಳಗಿನ ತಿಂಡಿ ಬಿಡುವ ಮಹಿಳೆಯರಲ್ಲಿ’ ಎಂಬಲ್ಲಿ ಬೆರಳು ನಿಂತಿತು.

‘ಯಾರು ಬಿಡುತ್ತಾರೆ ಮೇಡಂ? ಏಳೂವರೆಗೆ ಕಾರ್ಖಾನೆಯ ವ್ಯಾನ್ ಬರುತ್ತದೆ. ಮಕ್ಕಳ ಡಬ್ಬಿ ಕಟ್ಟುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ತಿನ್ನುವುದಕ್ಕೆ ಆಗುವುದಿಲ್ಲ ಎಂದು ಬರೆಯಿರಿ.’

ಹಾಗೆಯೇ ತಿದ್ದಿ 600 ಪ್ರತಿ ಹಾಕಿಸಿದೆವು. ಇಂಗ್ಲಿಷ್ ಪ್ರಬಂಧದಲ್ಲಿ ಆ ಸಾಲು ಇನ್ನೂ ಹಳೆಯ ರೀತಿಯಲ್ಲೇ ಇದೆ.